ಜ್ಯೂರಿ ಬೀದಿಗೆ ಬರಲಿ, ನಕ್ಷೆ ವಾರ್ಡ್ ಕಚೇರಿಗೆ ಹೋಗಲಿ

ಮಾನ್ಯ ಸಂಪಾದಕರೇ,

ಜೋರು ಮಳೆ ಬಂದ ಮರುದಿನ ಪತ್ರಿಕೆಗಳಲ್ಲಿ ನೀರು ನಿಂತ ರಸ್ತೆಗಳ ಫೋಟೋ ಬರುತ್ತವೆ. ಆ ನೀರು ಎಲ್ಲಿಂದ ಬಂತು, ಯಾಕೆ ಅಲ್ಲೇ ನಿಂತಿತು, ಎಲ್ಲಿಗೆ ಹೋಗಬೇಕಿತ್ತು ಎಂದು ಒಂದೊಂದು ಗಲ್ಲಿಯ ಮಟ್ಟದಲ್ಲಿ ತೋರಿಸುವ ನಕ್ಷೆಗಳನ್ನು ಇದೇ ಬೆಂಗಳೂರಿನ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬರೆಯುತ್ತಾರೆ. ಮಾರ್ಕ್ಸ್ ಬಂದ ಮೇಲೆ ಅವು ಸುರುಳಿ ಸುತ್ತಿಕೊಂಡು ಅಟ್ಟ ಸೇರುತ್ತವೆ. ಇದು ನಿಲ್ಲಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಮನೆ ಹನುಮಂತನಗರದಲ್ಲಿ. ನಗರದ ಒಂದು ಕಾಲೇಜಿನಲ್ಲಿ ವಾರಕ್ಕೆರಡು ದಿನ ಸ್ಟುಡಿಯೋ ತೆಗೆದುಕೊಳ್ಳುತ್ತೇನೆ. ಸ್ಟುಡಿಯೋ ಅಂದರೆ ಪಾಠ ಕೇಳಿ ಪರೀಕ್ಷೆ ಬರೆಯುವ ಕ್ಲಾಸಲ್ಲ. ಮಕ್ಕಳಿಗೆ ಒಂದು ಜಾಗ ಕೊಡುತ್ತೇವೆ. ಇಡೀ ಸೆಮಿಸ್ಟರ್ ಅದೇ ಜಾಗ. ಹೋಗಿ ಅಳೆಯಬೇಕು, ಜನರ ಹತ್ತಿರ ಮಾತಾಡಬೇಕು, ಟ್ರೇಸಿಂಗ್ ಹಾಳೆಯ ಮೇಲೆ ಬರೆಯಬೇಕು. ಸರಿ ಬರದಿದ್ದರೆ ಅದರ ಮೇಲೆ ಇನ್ನೊಂದು ಹಾಳೆ ಇಟ್ಟು ಮತ್ತೆ ಬರೆಯಬೇಕು. ಕೊನೆಗೆ ಹಾಳೆಗಳನ್ನು ಗೋಡೆಗೆ ಅಂಟಿಸಿ, ಹೊರಗಿನಿಂದ ಬಂದ ಹಿರಿಯರ ಮುಂದೆ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಅದೇ ಜ್ಯೂರಿ. ಕಟ್ಟಡಗಳ ನಡುವಿನ ಬೀದಿ, ಚೌಕ, ಸಂತೆ, ಬಸ್ ಸ್ಟಾಪು ಅರ್ಬನ್ ಡಿಸೈನ್‌ನ ಪಾಲು. ಮಣ್ಣು, ನೀರು, ಮರ ಲ್ಯಾಂಡ್‌ಸ್ಕೇಪ್‌ನ ಪಾಲು. ಬೆಂಗಳೂರಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕಲಿಸುವುದಕ್ಕೆ ಆಗುವುದಿಲ್ಲ. ಈ ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಕಡೆ ಇಳಿದುಹೋಗುತ್ತದೆ. ಯಾವ ಬೀದಿಯಲ್ಲಿ ನಿಂತರೂ ನೀವು ಯಾವುದೋ ಒಂದು ಕೆರೆಯ ಮೇಲ್ಗಡೆ ನಿಂತಿರುತ್ತೀರಿ.

ಕಳೆದ ಬಾರಿ ಬುಲ್ ಟೆಂಪಲ್ ರಸ್ತೆಯಿಂದ ಗವಿಪುರದ ಕೆಂಪಾಂಬುಧಿ ಕೆರೆಯ ಕಡೆ ಇಳಿಯುವ ಗಲ್ಲಿಗಳನ್ನು ಕೊಟ್ಟಿದ್ದೆವು. ಮಕ್ಕಳು ಮೊದಲು ಲ್ಯಾಪ್‌ಟಾಪ್ ತೆಗೆದರು. ಉಪಗ್ರಹದ ಎತ್ತರದ ಮಾಹಿತಿ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅದರಲ್ಲಿ ಒಂದೊಂದು ಚೌಕ 30 ಮೀಟರ್. ನಮ್ಮ ಗಲ್ಲಿ ಒಂದೆರಡು ಚೌಕದಲ್ಲಿ ಮುಗಿದೇಹೋಗುತ್ತದೆ. ಹತ್ತಿರದಲ್ಲೇ ಮನೆ ಕಟ್ಟಿಸುತ್ತಿದ್ದ ಒಬ್ಬ ಮೇಸ್ತ್ರಿಯವರು ಇದನ್ನು ನೋಡಿ ತಮ್ಮ ಪೈಪು ತಂದರು. ಬೆರಳು ದಪ್ಪದ, ಒಳಗಿನದು ಕಾಣುವ ಪ್ಲಾಸ್ಟಿಕ್ ಪೈಪು. ನೀರು ತುಂಬಿ, ಉದ್ದಕ್ಕೂ ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಓಡಿಸಿದರು. ‘ಗುಳ್ಳೆ ಇದ್ರೆ ಮಟ್ಟ ಸುಳ್ಳು ಹೇಳುತ್ತೆ ಕಣಮ್ಮ’ ಅಂದರು. ಒಂದು ತುದಿಯನ್ನು ಮೇಲಿನ ಮನೆ ಗೇಟಿನ ಕಂಬಕ್ಕೆ ಹಿಡಿದರು, ಇನ್ನೊಂದನ್ನು ಹತ್ತು ಮೀಟರ್ ಕೆಳಗೆ ಒಬ್ಬ ಹುಡುಗನ ಕೈಗೆ ಕೊಟ್ಟರು. ನೀರು ಸ್ವಲ್ಪ ಹೊತ್ತು ಕುಣಿದು ಎರಡೂ ಕಡೆ ಸಮಕ್ಕೆ ನಿಂತಿತು. ಎರಡೂ ಕಡೆ ಸೀಮೆಸುಣ್ಣದ ಗುರುತು, ಗುರುತಿನಿಂದ ನೆಲಕ್ಕೆ ಟೇಪು. ಮೇಲಿನ ಅಳತೆಗಿಂತ ಕೆಳಗಿನದು ಒಂದು ಗೇಣು ಜಾಸ್ತಿ ಬಂತು. ಅಷ್ಟೇ ಇಳಿತ. ಹೀಗೇ ಗಲ್ಲಿಯ ಕೊನೆವರೆಗೂ ಅಳೆದರು. ಲ್ಯಾಪ್‌ಟಾಪಿನಲ್ಲಿ ಸಪಾಟಾಗಿ ಕಂಡಿದ್ದ ಗಲ್ಲಿಯಲ್ಲಿ ಒಂದು ಕಡೆ ಇಳಿಜಾರು ವಾಪಸ್ ಮೇಲಕ್ಕೆ ಏರಿತ್ತು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಅಲ್ಲೊಂದು ಉಬ್ಬು ಎದ್ದಿದೆ. ಹಳೇ ಮನೆಗಳ ಬಾಗಿಲು ಈಗ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿದೆ. ಉಬ್ಬಿನ ಹಿಂದೆ ಹೂವು ಮಾರುವ ಅಮ್ಮನ ಅಂಗಡಿ. ಅವರು ಶಟರಿನ ಮೇಲಿನ ಕೆಂಪು ಕಲೆ ತೋರಿಸಿ ‘ಇಲ್ಲೀಗಂಟ ಬರುತ್ತೆ’ ಅಂದರು. ಮೊಣಕಾಲೆತ್ತರ.

ಅದಾದ ಮೇಲೆ ಲೆಕ್ಕಕ್ಕೆ ಕೂತೆವು. ಒಂದು ಎಕರೆ ಜಾಗದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ನೀರು. ಆರು ಸಾವಿರ ಲೀಟರಿನ ಟ್ಯಾಂಕರು ಹೆಚ್ಚುಕಡಿಮೆ ಏಳು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂರುವ ಊರಿನ ಮಕ್ಕಳಿಗೆ ಈ ಲೆಕ್ಕ ತಕ್ಷಣ ತಲೆಗೆ ಹೋಯಿತು. ಎಲ್ಲ ಕಡೆ ಕಾಂಕ್ರೀಟ್ ಇದ್ದಾಗ ಈ ನೀರಿಗೆ ಇಳಿಯುವುದಕ್ಕೆ ಜಾಗವಿಲ್ಲ. ಫುಟ್‌ಪಾತಿನ ಅಂಚಿನ ಕಲ್ಲಿನಲ್ಲಿರುವ ಸಣ್ಣ ಕಿಂಡಿಯಲ್ಲೇ ಅಷ್ಟೂ ಮೋರಿಗೆ ಹೋಗಬೇಕು. ಆ ಕಿಂಡಿಯೂ ಹೊಂಗೆ ಎಲೆಯಿಂದ ಕಟ್ಟಿಕೊಂಡಿರುತ್ತದೆ. ಮರದ ಬುಡದಲ್ಲಿ ನೀರು ಇಂಗಲಿ ಅಂದರೆ ಅಲ್ಲೂ ಕಾಂಡಕ್ಕೆ ತಾಗುವ ಹಾಗೆ ಟೈಲ್ಸ್. ಫುಟ್‌ಪಾತಿನಲ್ಲಿ ನಡೆಯುವುದಕ್ಕೆ ಕನಿಷ್ಠ 1.8 ಮೀಟರ್ ಬಿಡಬೇಕು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಹೇಳಿದೆ. ಅಷ್ಟು ಬಿಟ್ಟೂ ಮರದ ಬುಡಕ್ಕೆ ಬರಿ ಮಣ್ಣು ಉಳಿಸುವುದು ಹೇಗೆ ಅಂತ ಒಂದು ತಂಡ ಹದಿನಾರು ಮರಗಳಿಗೆ ಬೇರೆ ಬೇರೆ ಚಿತ್ರ ಬರೆದುಕೊಟ್ಟಿತು. ಎಲ್ಲ ಮರಕ್ಕೂ ಒಂದೇ ಉತ್ತರ ಸಾಲದು ಅಂತ ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರತಿ ಮರದ ಹತ್ತಿರ ನಿಂತು ಕಂಡುಕೊಂಡರು.

ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲೂ ಅವರು ಕೆಲಸ ಮಾಡಿದರು. ದಿನಾ ಬಸ್ಸು, ಆಟೋ ಓಡಾಡುವ ಅದೇ ರಸ್ತೆ ಒಂದು ಕಲ್ಲೂ ಅಲುಗದೆ ಸಂತೆಯಾಗುತ್ತದೆ. ಚೀಲ ಇಳಿಸುವುದು ಎಲ್ಲಿ, ರಾತ್ರಿ ಮಲಗುವುದು ಎಲ್ಲಿ, ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಶೌಚಕ್ಕೆ ಎಷ್ಟು ದೂರ ನಡೆಯಬೇಕು ಅಂತ ಗಂಟೆ ಗಂಟೆಗೂ ಗುರುತು ಹಾಕಿದರು. ಅರ್ಬನ್ ಡಿಸೈನ್ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಆದ ಮೇಲೆ ಜ್ಯೂರಿ ಎಲ್ಲಿ ನಡೆಯುತ್ತದೆ? ಊರಾಚೆ ಕ್ಯಾಂಪಸ್ಸಿನ ಎಸಿ ಹಾಲಿನಲ್ಲಿ. ಇಂಗ್ಲಿಷಿನಲ್ಲಿ. ಮೇಸ್ತ್ರಿಯವರಿಗೆ ಕರೆ ಇಲ್ಲ, ಹೂವಿನ ಅಮ್ಮನಿಗೆ ಕರೆ ಇಲ್ಲ. ಆ ರಸ್ತೆಗೆ ಮುಂದಿನ ತಿಂಗಳು ಟೆಂಡರ್ ಕರೆಯುವ ಎಂಜಿನಿಯರಿಗೂ ಇಲ್ಲ. ತುರುವೇಕೆರೆ ಕಡೆಯ ಒಬ್ಬ ಹುಡುಗಿ ನನ್ನ ಕ್ಲಾಸಿನಲ್ಲಿದ್ದಳು. ಅವಳ ತಾತ ಊರಿನ ಕೆರೆಯ ನೀರುಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಯಾವಾಗ ನೀರು ಬಿಡುವುದು, ಎಲ್ಲ ಅವರ ಕೈಲೇ ಇತ್ತು. ಕೆರೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಅನ್ನುವುದನ್ನು ಕೋಡಿಯ, ಅಂದರೆ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗದ ಮಟ್ಟ ತೀರ್ಮಾನಿಸುತ್ತದೆ. ಕೋಡಿಗಿಂತ ಕೆಳಗೆ ವಾಕಿಂಗ್ ಪಾತ್ ಮಾಡಿದರೆ ಕೆರೆ ತುಂಬಿದ ವರ್ಷ ಅದು ಮುಳುಗುತ್ತದೆ. ಎಲ್ಲರ ನಕ್ಷೆಯಲ್ಲೂ ಕೆರೆ ದಡದಲ್ಲಿ ವಾಕಿಂಗ್ ಪಾತ್ ಇತ್ತು. ಕೋಡಿಯ ಮಟ್ಟ ಬರೆದು, ದಾರಿಯನ್ನು ಅದಕ್ಕಿಂತ ಮೇಲೆ ಇಟ್ಟವಳು ಅವಳೊಬ್ಬಳೇ. ಜ್ಯೂರಿಯಲ್ಲಿ ಇಂಗ್ಲಿಷಿಗೆ ತಡವರಿಸಿ ಎರಡೇ ನಿಮಿಷಕ್ಕೆ ಸುಮ್ಮನಾದಳು. ನಾನು ಎದ್ದು ‘ಕನ್ನಡದಲ್ಲೇ ಹೇಳಮ್ಮ’ ಅಂದೆ. ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದಳು. ಪಕ್ಕದ ತಂಡದವರು ಎದ್ದು ಬಂದು ಅವಳ ಹಾಳೆಯ ಫೋಟೋ ತೆಗೆದುಕೊಂಡರು.

ಅದಾದ ಮೇಲೆ ನಾವು ಕೆಲವು ಮೇಷ್ಟ್ರುಗಳು ಹಟ ಹಿಡಿದು ಇನ್ನೊಂದು ಜ್ಯೂರಿಯನ್ನು ಬೀದಿಯಲ್ಲೇ ಇಟ್ಟೆವು. ಪಾರ್ಕಿನ ಕಂಬಿಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ಹಾಳೆ ನೇತುಹಾಕಿದೆವು. ಜನ ನಿಂತರು. ಒಬ್ಬ ಹುಡುಗ ಮಳೆನೀರು ಇಳಿಯುವ ಬಾಯಿಗೆ ಚೆಂದದ ಕಬ್ಬಿಣದ ಜಾಲರಿ ಬರೆದಿದ್ದ. ಪೌರಕಾರ್ಮಿಕರಾದ ಒಬ್ಬ ಅಕ್ಕ ಅದನ್ನು ನೋಡಿ ‘ಮಗಾ, ಇದು ದಿನಾ ಎಲೆ ಕಟ್ಟುತ್ತೆ. ತೆಗೆಯೋಳು ನಾನೇ ಅಲ್ವಾ? ಕೈ ಹಾಕೋಕೆ ಜಾಗ ಎಲ್ಲಿದೆ?’ ಅಂತ ಕೇಳಿದರು. ಅವನು ಅಲ್ಲೇ ಕೂತು, ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಡುವ ಹಾಗೆ ಜಾಲರಿಯನ್ನು ಬದಲಿಸಿದ. ಎಷ್ಟು ತೂಕವಿದ್ದರೆ ಎತ್ತಬಹುದು ಅಂತಲೂ ಅವರನ್ನೇ ಕೇಳಿ ಬರೆದುಕೊಂಡ. ಇಷ್ಟು ವರ್ಷದಲ್ಲಿ ಎಸಿ ಹಾಲಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಇನ್ನೊಂದು ಮಾತು. ಸ್ಟುಡಿಯೋಗೆ ಸಿಗುವುದು ನಾಲ್ಕೈದು ತಿಂಗಳು. ಮರಕ್ಕೆ ಅಷ್ಟು ಸಾಲುವುದಿಲ್ಲ. ಜರ್ಮನಿಯಿಂದ ಬಂದ ಸಸ್ಯತಜ್ಞ ಕ್ರುಂಬಿಗಲ್ ಅವರು 1908ರಲ್ಲಿ ಲಾಲ್‌ಬಾಗಿನ ಕೆಲಸಕ್ಕೆ ಸೇರಿದರು. ವರ್ಷದ ಯಾವ ಕಾಲದಲ್ಲೂ ಒಂದಲ್ಲ ಒಂದು ಬೀದಿ ಹೂ ಬಿಟ್ಟಿರಬೇಕು ಅಂತ ಮರಗಳನ್ನು ಆರಿಸಿ ನೆಡಿಸಿದರು. ನೆಟ್ಟ ವರ್ಷ ಅಲ್ಲಿ ಕಂಡಿದ್ದು ಬರೀ ಕಡ್ಡಿಗಳು. ಲ್ಯಾಂಡ್‌ಸ್ಕೇಪ್ ಕಲಿಯುವವರು ಇಪ್ಪತ್ತು ವರ್ಷದ ಮುಂದಿನ ನೆರಳನ್ನು ಇವತ್ತು ಬರೆಯಬೇಕು. ಹಾಗಿರುವಾಗ ಪ್ರತಿ ವರ್ಷ ಹೊಸ ಜಾಗ ಕೊಟ್ಟು, ಹಳೇದನ್ನು ಕೈಬಿಟ್ಟರೆ ಯಾರು ಏನು ಕಲಿತ ಹಾಗಾಯಿತು? ಒಂದು ಕಾಲೇಜು ಒಂದೇ ವಾರ್ಡನ್ನು ಹತ್ತು ವರ್ಷ ಹಿಡಿದುಕೊಳ್ಳಲಿ. ಈ ವರ್ಷದ ಮಕ್ಕಳು ಅಳೆದ ಮಟ್ಟವನ್ನು ಮುಂದಿನವರು ಮಳೆಗಾಲದಲ್ಲಿ ಹೋಗಿ ಪರೀಕ್ಷಿಸಲಿ. ನೆಟ್ಟ ಗಿಡ ಬದುಕಿತಾ, ಯಾವುದು ಒಣಗಿತು, ಯಾಕೆ ಅಂತ ಅದರ ಮುಂದಿನವರು ನೋಡಲಿ.

ಪಾಲಿಕೆಯವರಲ್ಲೂ ಒಂದು ಬೇಡಿಕೆ ಇದೆ. ನಮ್ಮ ಇಬ್ಬರು ವಿದ್ಯಾರ್ಥಿಗಳು ಆ ಗಲ್ಲಿಯ ನಕ್ಷೆ ಹಿಡಿದು ಒಂದು ಕಚೇರಿಗೆ ಹೋಗಿದ್ದರು. ಅರ್ಧ ದಿನ ಬೆಂಚಿನ ಮೇಲೆ ಕೂರಿಸಿ, ಇದನ್ನು ಯಾವ ಫೈಲಿಗೆ ಹಾಕೋದು ಅಂತ ಕೇಳಿ ವಾಪಸ್ ಕಳಿಸಿದರು. ಮಕ್ಕಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಈಗ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ, ಹೊಸ ವಾರ್ಡುಗಳಾಗಿವೆ. ಪ್ರತಿ ವಾರ್ಡ್ ಕಚೇರಿಯಲ್ಲಿ ಇಂಥ ನಕ್ಷೆಗಳಿಗೆ ಒಂದು ಬೀರು, ಒಂದು ರಿಜಿಸ್ಟರ್ ಇಡಲಿ. ವಿದ್ಯಾರ್ಥಿಗಳ ನಕ್ಷೆಯನ್ನೇ ನಂಬಿ ಮೋರಿ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ಕಟ್ಟುವ ಮೊದಲು ಎಂಜಿನಿಯರ್ ಅದನ್ನು ಬಿಚ್ಚಿ ನೋಡಲಿ, ಅನುಮಾನ ಬಂದರೆ ತಾವೇ ಅಳೆಸಲಿ. ಗುತ್ತಿಗೆದಾರರಿಗೆ ಮತ್ತೊಂದು ಪದರ ಡಾಂಬರಿಗೆ ಹೇಳುವ ಮೊದಲು ಹಳೇ ಪದರ ಕೆರೆಸುವುದು ನೆನಪಾದರೆ ಅಷ್ಟೇ ಸಾಕು, ಎಷ್ಟೋ ಮನೆ ಉಳಿಯುತ್ತವೆ.

ಕಾಲೇಜಿನವರಿಗೆ ಹೇಳುವುದು ಇಷ್ಟು. ಜ್ಯೂರಿಯಲ್ಲಿ ಕೂರುವ ಹಿರಿಯರ ಪಕ್ಕದಲ್ಲಿ ಆ ಜಾಗದಲ್ಲಿ ಬದುಕುವ ಇಬ್ಬರಿಗೆ ಕುರ್ಚಿ ಹಾಕಿ. ಅವರು ಒಂದು ದಿನದ ದುಡಿಮೆ ಬಿಟ್ಟು ಬರುತ್ತಾರೆ, ಹೊರಗಿನ ಪರೀಕ್ಷಕರಿಗೆ ಕೊಡುವ ಗೌರವಧನವನ್ನು ಅವರಿಗೂ ಕೊಡಿ. ಬೇರೆ ರಾಜ್ಯದ ಮಕ್ಕಳಿಗೆ ಭಾಷೆ ಬರುವುದಿಲ್ಲ ಅನ್ನುವ ಮಾತು ಬರುತ್ತದೆ. ನಮ್ಮ ಬೀದಿ ಜ್ಯೂರಿಯಲ್ಲಿ ಕೇರಳದ ಒಬ್ಬ ಹುಡುಗ ಅರ್ಧ ಕನ್ನಡದಲ್ಲಿ, ಅರ್ಧ ಕೈಸನ್ನೆಯಲ್ಲಿ ತನ್ನ ಬಸ್ ಸ್ಟಾಪನ್ನು ವಿವರಿಸಿದ. ಸುತ್ತ ನಿಂತವರೇ ಅವನಿಗೆ ಮಾತು ಹುಡುಕಿ ಕೊಟ್ಟರು.

ಕಾರ್ತಿಕದಲ್ಲಿ ಮತ್ತೆ ಪರಿಷೆ ಬರುತ್ತದೆ. ಅದರ ಹಿಂದಿನ ಶನಿವಾರ ಬೆಳಿಗ್ಗೆ ಅದೇ ಪಾರ್ಕಿನ ಕಂಬಿಗೆ ನಕ್ಷೆ ಕಟ್ಟುತ್ತೇವೆ. ರಸ್ತೆ, ಮೋರಿ, ತೋಟಗಾರಿಕೆ ನೋಡಿಕೊಳ್ಳುವ ಅಧಿಕಾರಿಗಳು ಒಂದು ಗಂಟೆ ಬಿಡುವು ಮಾಡಿಕೊಂಡು ಬರಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಮೇಸ್ತ್ರಿಯವರು ಪೈಪು ತರುತ್ತೇನೆ ಅಂದಿದ್ದಾರೆ. ಅನುಮಾನ ಇದ್ದವರು ಅಲ್ಲೇ ಅಳೆದು ನೋಡಬಹುದು.

ಇಂತಿ ನಿಮ್ಮ ಓದುಗಾರ್ತಿ,
ಸ್ಟುಡಿಯೋ ಅಧ್ಯಾಪಕಿ, ಹನುಮಂತನಗರ, ಬೆಂಗಳೂರು