ಆನೆ ಬೇಲಿಯ ತಂತಿಯೂ ಒಂದು ಆಂಟೆನಾ

ಮಾನ್ಯರೇ,

ಸೂರ್ಯ ಕೆರಳಿದರೆ ಮೊಬೈಲು, ಜೀಪು, ಕರೆಂಟು ಎಲ್ಲವೂ ಒಂದೇ ಏಟಿಗೆ ಸತ್ತುಹೋಗುತ್ತವೆ ಎನ್ನುವ ವಾಟ್ಸಾಪ್ ಸಂದೇಶಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಸೌರ ಬಿರುಗಾಳಿ ಕೈಯಲ್ಲಿರುವ ಫೋನನ್ನು ಸುಡುವುದಿಲ್ಲ. ಅದು ನೂರಾರು ಕಿ.ಮೀ. ಉದ್ದದ ಲೈನುಗಳಲ್ಲಿ ಡಿ.ಸಿ.ಯಂಥ ನಿಧಾನ ಕರೆಂಟು ಹರಿಸಿ, ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಕಾಯಿಸುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಗ್ರಿಡ್ ಒಂದೂವರೆ ನಿಮಿಷದಲ್ಲಿ ಕುಸಿದದ್ದು ಇಂಥ ಕರೆಂಟಿನಿಂದಲೇ. ಧ್ರುವಗಳಿಂದ ದೂರವಿರುವ ನಮಗೆ ಅಷ್ಟು ಜೋರಾದ ಹೊಡೆತ ಬೀಳದು.

ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಸುಡಬಲ್ಲದ್ದು ಬಹಳ ಎತ್ತರದಲ್ಲಿ ಸಿಡಿಸಿದ ಅಣುಬಾಂಬಿನ ವಿದ್ಯುತ್ಕಾಂತೀಯ ಸ್ಪಂದ, ಅಂದರೆ ಇಎಂಪಿ. 1962ರ ಜುಲೈನಲ್ಲಿ ಅಮೆರಿಕ ಪೆಸಿಫಿಕ್ ಮೇಲೆ 400 ಕಿ.ಮೀ. ಎತ್ತರದಲ್ಲಿ ಬಾಂಬ್ ಸಿಡಿಸಿದಾಗ, ಸುಮಾರು 1,400 ಕಿ.ಮೀ. ದೂರದ ಹವಾಯಿಯಲ್ಲಿ 300ರಷ್ಟು ಬೀದಿದೀಪಗಳು ಆರಿದವು. ಇಎಂಪಿಯ ಏಟು ಮೂರು ಹಂತಗಳಲ್ಲಿ ಬರುತ್ತದೆ. ಮೊದಲನೆಯದು ಕೆಲವೇ ನ್ಯಾನೊಸೆಕೆಂಡಿನಲ್ಲಿ ಏರುತ್ತದೆ. ಎರಡನೆಯದು ಸಿಡಿಲಿನ ಹಾಗೆ. ಮೂರನೆಯದು ಸೌರ ಬಿರುಗಾಳಿಯ ಹಾಗೆ ನಿಧಾನ. ಮೊದಲ ಏಟಿಗೇ ರಕ್ಷಣಾ ಸಾಧನ ಕೆಟ್ಟರೆ ಎರಡನೆಯದು ತಡೆಯಿಲ್ಲದೆ ಒಳನುಗ್ಗುತ್ತದೆ.

ತಂತಿ ಉದ್ದವಾದಷ್ಟೂ ಹೊಡೆತ ಹೆಚ್ಚು. ಆ ಲೆಕ್ಕದಲ್ಲಿ ಕೊಡಗಿಗೆ ಚಿಂತೆ ಜಾಸ್ತಿಯೇ. ಕಾಡು, ತೋಟಗಳ ನಡುವೆ ಹಾಯುವ ಲೈನುಗಳು ಒಂದೆಡೆ, ಆನೆ ತಡೆಯಲು ಕಿ.ಮೀ. ಗಟ್ಟಲೆ ಎಳೆದ ಸೋಲಾರ್ ಬೇಲಿ ಇನ್ನೊಂದೆಡೆ. ಆ ಬೇಲಿ ಹೇಳಿ ಮಾಡಿಸಿದ ಆಂಟೆನಾ. ಏಪ್ರಿಲ್-ಮೇ ಸಿಡಿಲಿಗೆ ಎನರ್ಜೈಸರ್ (ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆ) ಬೋರ್ಡು ಸುಡುವುದೂ ಇದೇ ಕಾರಣಕ್ಕೆ. ಹಾಗಾಗಿ ಬಾಂಬಿಗೆ ಹೆದರದವರೂ ಸಿಡಿಲಿಗಾಗಿ ಈ ಕೆಲಸ ಮಾಡಬಹುದು: ಎನರ್ಜೈಸರಿಗೂ ಬೇಲಿಗೂ ನಡುವೆ ಒಂದು ಕಟೌಟ್ ಸ್ವಿಚ್ ಮತ್ತು ಸಿಡಿಲು ತಡೆ ಹಾಕಿಸಿ. ಎನರ್ಜೈಸರಿನ ಅರ್ಥಿಂಗ್ ಗೂಟ ಮನೆಯ ಅರ್ಥಿಂಗ್‌ನಿಂದ ಕನಿಷ್ಠ 10 ಮೀಟರ್ ದೂರವಿರಲಿ, ಇಲ್ಲದಿದ್ದರೆ ಬೇಲಿಯ ಏಟು ಮನೆಯ ಬೋರ್ಡಿಗೆ ಬರುತ್ತದೆ.

ಮನೆಯ ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕಿಸುವವರು ಅದರ ಎರಡೂ ಕಡೆಯ ತಂತಿ ಸೇರಿ ಅರ್ಧ ಮೀಟರ್ ದಾಟದಂತೆ ನೋಡಿಕೊಳ್ಳಬೇಕು. ಸಿಡಿಲಿನ ಕರೆಂಟು ಹರಿಯುವಾಗ ಒಂದು ಮೀಟರ್ ತಂತಿಯೇ ಹೆಚ್ಚುಕಡಿಮೆ ಸಾವಿರ ವೋಲ್ಟ್ ಸೇರಿಸುತ್ತದೆ. ತಂತಿಯನ್ನು ಸುರುಳಿ ಸುತ್ತಿ ಚೆಂದಕ್ಕೆ ಕಟ್ಟಿದರೆ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ. ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿಗೆ ಮೊದಲ ಗುಡುಗಿಗೆ ಮುಂಚೆಯೇ ನೀರು ಹೊಯ್ಯಿರಿ.

ಇಎಂಪಿಯ ಮೊದಲ ಏಟಿಗೆ ಮಾತ್ರ ಪ್ರೊಟೆಕ್ಟರನ್ನು ಪೂರ್ತಿ ನಂಬುವಂತಿಲ್ಲ. ತಂತಿ ಬಿಚ್ಚಿಟ್ಟ ಬಿಡಿ ಬೋರ್ಡು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಉಳಿಯುತ್ತದೆ. ಮುಚ್ಚಳ ಕೂರುವ ಕಡೆ ಬಣ್ಣ ಕೆರೆದು ತಗಡಿಗೆ ತಗಡು ತಾಗಿಸಿ, ಒಳಗೆ ರಟ್ಟು ಹಾಸಿ. ಮೊಬೈಲ್ ಒಳಗಿಟ್ಟು ಕರೆ ಮಾಡಿದಾಗ ರಿಂಗಾದರೆ ಡಬ್ಬಿ ಸೋರುತ್ತಿದೆ ಎಂದರ್ಥ. ರಿಂಗಾಗದಿದ್ದರೆ ಪೂರ್ತಿ ಭದ್ರ ಎಂದೇನೂ ಅಲ್ಲ.

ಫೆಬ್ರುವರಿ-ಮಾರ್ಚ್‌ನಲ್ಲಿ ಕಾಫಿ ಹೂ ಬಿಡಲೆಂದು ನೀರು ಹೊಡೆಯುವ ಹೊತ್ತಿಗೆ ಗ್ರಿಡ್ ಹೋದರೆ, ಎಲೆಕ್ಟ್ರಾನಿಕ್ ಕಾರ್ಡಿಲ್ಲದ ಹಳೆಯ ಡೀಸೆಲ್ ಪಂಪೇ ಗತಿ. ಅದನ್ನು ಗುಜರಿಗೆ ಹಾಕುವ ಮುನ್ನ ಯೋಚಿಸಿ. ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಇರುವವರು ಮೋಟಾರನ್ನು ನೇರ ಲೈನಿಗೆ ಸೇರಿಸುವ ಒಂದು ಸಾದಾ ಡಿಒಎಲ್ ಸ್ಟಾರ್ಟರನ್ನೂ ಇಟ್ಟುಕೊಳ್ಳಲಿ. ಡೀಸೆಲನ್ನೂ ಮನೆಯಲ್ಲಿ ಸ್ವಲ್ಪ ಉಳಿಸಿಕೊಂಡಿರಬೇಕು, ಏಕೆಂದರೆ ಕರೆಂಟಿಲ್ಲದೆ ಬಂಕಿನ ಪಂಪೂ ಎಣ್ಣೆ ಎತ್ತುವುದಿಲ್ಲ.

ಗ್ರಾಮ ಪಂಚಾಯಿತಿಗಳು ಕುಡಿಯುವ ನೀರಿನ ಪಂಪ್‌ಹೌಸುಗಳಲ್ಲೂ ಇಂಥ ಒಂದೊಂದು ಸಾದಾ ಸ್ಟಾರ್ಟರನ್ನು ಮುಂಗಾರಿಗೆ ಮುನ್ನ ತಂದಿಡಲಿ, ಅರ್ಥಿಂಗ್ ಅಳತೆಯನ್ನೂ ಆಗಲೇ ಮಾಡಿಸಲಿ.

– ವಿದ್ಯುತ್ ಕೆಲಸ ಬಲ್ಲ ಓದುಗರು, ವಿರಾಜಪೇಟೆ