ಕಾರವಾರದ ಸಂತೆಯಲ್ಲಿ ಕಾನ್ಫೆಡರೇಟ್ ಬಾವುಟ

ಸಂಪಾದಕರಿಗೆ,

ಮಾನ್ಯರೇ,

ಕಾರವಾರದ ಭಾನುವಾರದ ಸಂತೆಯಲ್ಲಿ ಮಾರಾಟವಾಗುತ್ತಿರುವ ಬಾವುಟದ ಟೀ ಶರ್ಟ್‌ಗಳ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಎರಡು ಪತ್ರಗಳು ಬಂದಿದ್ದವು. ಕೆಂಪು ಬಟ್ಟೆ, ಮೂಲೆಯಿಂದ ಮೂಲೆಗೆ ಕತ್ತರಿಯಾಕಾರದ ನೀಲಿ ಪಟ್ಟಿ, ಪಟ್ಟಿಯೊಳಗೆ ಹದಿಮೂರು ಬಿಳಿ ನಕ್ಷತ್ರ. ಅಮೆರಿಕದ ದಕ್ಷಿಣದ ರಾಜ್ಯಗಳು ಹಿಂದೊಮ್ಮೆ ಹಿಡಿದು ಕಾದಾಡಿದ ಬಾವುಟ ಅದು. ಹುಡುಗರಿಗೆ ಅದೊಂದು ಚಂದದ ಡಿಸೈನ್ ಅಷ್ಟೇ, ಸುಮ್ಮನಿರಿ ಎಂದು ಮೊದಲ ಪತ್ರದವರು ಬರೆದಿದ್ದರು. ಎರಡನೆಯವರು ಇನ್ನೂ ಮುಂದೆ ಹೋಗಿ, ಅದು ಅಲ್ಲಿನವರ ಪೂರ್ವಜರ ಶೌರ್ಯದ ಗುರುತು, ನಾವು ನಮ್ಮ ವೀರರ ಚಿತ್ರವನ್ನು ಬೈಕಿಗೆ ಅಂಟಿಸಿಕೊಂಡಂತೆ ಅವರೂ ಧರಿಸುತ್ತಾರೆ, ಇಲ್ಲಿ ಕುಳಿತು ತಕರಾರು ತೆಗೆಯುವುದು ಕೆಲಸವಿಲ್ಲದವರ ಕೆಲಸ ಎಂದಿದ್ದರು. ನಾನು ನಿವೃತ್ತ, ನನಗೆ ಕೆಲಸವಿಲ್ಲದಿರುವುದು ನಿಜ. ಆದ್ದರಿಂದ ಈ ಪತ್ರ.

ನಾನು ಬೈತಖೋಲದವನು. ವ್ಯಾಪಾರಿ ಹಡಗಿನಲ್ಲಿ ಖಲಾಸಿಯಾಗಿ ಸೇರಿ ಬೋಸನ್, ಅಂದರೆ ಖಲಾಸಿಗಳ ಮೇಸ್ತ್ರಿ, ಆಗಿ ನಿವೃತ್ತನಾದವನು. ಹಡಗಿನಲ್ಲಿ ಬಾವುಟ ಶೃಂಗಾರದ ವಸ್ತುವಲ್ಲ. ಹಳದಿ ಬಾವುಟ ಏರಿಸಿದರೆ ಹಡಗಿನಲ್ಲಿ ರೋಗವಿಲ್ಲ, ಬಂದರಿನೊಳಗೆ ಬರಲು ಅನುಮತಿ ಕೊಡಿ ಎಂದು ಕೇಳಿದಂತೆ. ಬಿಳಿಯ ಮೇಲೆ ಕೆಂಪು ಕತ್ತರಿ ಇದ್ದರೆ ನೆರವು ಬೇಕು ಎಂದರ್ಥ. ನೀಲಿಯ ಮೇಲೆ ಬಿಳಿ ಕತ್ತರಿ ಇದ್ದರೆ ಹಡಗು ನಿಂತಿದೆ, ಚಲಿಸುತ್ತಿಲ್ಲ ಎಂದರ್ಥ. ಬಣ್ಣ ಒಪ್ಪಿತು, ಹಾರಿಸಿದೆ ಎಂದು ಹೇಳಿದ ಖಲಾಸಿಯನ್ನು ಯಾವ ಕ್ಯಾಪ್ಟನ್ನೂ ಸುಮ್ಮನೆ ಬಿಡುವುದಿಲ್ಲ. ಪರದೇಶದ ಬಂದರು ಹೊಕ್ಕಾಗ ಆ ದೇಶದ ಧ್ವಜವನ್ನು ಗೌರವಕ್ಕಾಗಿ ಬಲಬದಿಯಲ್ಲಿ ಏರಿಸುತ್ತೇವೆ. ಅದು ಹರಿದಿದ್ದರೆ, ತಲೆಕೆಳಗಾಗಿದ್ದರೆ ಬಂದರಿನವರು ಮುಖ ಸಿಂಡರಿಸುತ್ತಾರೆ. ಹೀಗಾಗಿ ಯಾವ ಬಾವುಟ ಕಂಡರೂ ನನಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ. ಇದರ ಲಾಗ್ ಬುಕ್ ಎಲ್ಲಿದೆ? ಇದನ್ನು ಯಾರು, ಯಾವಾಗ, ಯಾವ ಕೆಲಸಕ್ಕೆ ಏರಿಸಿದರು?

ಈ ಬಾವುಟದ ಲೆಕ್ಕ ಬಚ್ಚಿಟ್ಟದ್ದೇನಲ್ಲ. 1860–61ರಲ್ಲಿ ದಕ್ಷಿಣದ ಹನ್ನೊಂದು ರಾಜ್ಯಗಳು ಅಮೆರಿಕದ ಒಕ್ಕೂಟದಿಂದ ಸಿಡಿದು ತಮ್ಮದೇ ಕಾನ್ಫೆಡರೇಟ್ ಸರ್ಕಾರ ಕಟ್ಟಿಕೊಂಡವು. ಆಗ ಆ ದೇಶದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ರಾಜ್ಯಗಳ ಹಕ್ಕಿಗಾಗಿ ಯುದ್ಧ ನಡೆಯಿತು ಎಂದು ಈಗ ಹೇಳುವವರಿದ್ದಾರೆ, ಎರಡನೇ ಪತ್ರದಲ್ಲೂ ಅದೇ ಮಾತು. ಆದರೆ ಬೇರ್ಪಟ್ಟವರು ಅಂದು ಅಷ್ಟು ಸಂಕೋಚಪಡಲಿಲ್ಲ. ಮಿಸಿಸಿಪ್ಪಿ ರಾಜ್ಯ ತನ್ನ ಘೋಷಣೆಯ ಆರಂಭದಲ್ಲಿಯೇ ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಗೆ ಅಂಟಿಕೊಂಡಿದೆ ಎಂದು ಬರೆದುಕೊಂಡಿತು. ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಜಾರ್ಜಿಯಾ ರಾಜ್ಯದ ಸವಾನ್ನಾ ಪಟ್ಟಣದಲ್ಲಿ ಭಾಷಣ ಮಾಡಿ, ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬುದೇ ನಮ್ಮ ಸರ್ಕಾರದ ಅಡಿಗಲ್ಲು ಎಂದ. ಅಡಿಗಲ್ಲು ಹಾಕಿದವನೇ ಅದು ಏನೆಂದು ತಿಳಿಸಿ ಹೋಗಿರುವಾಗ ಕಾರವಾರದಲ್ಲಿ ಕುಳಿತು ನಾವು ತಿದ್ದುಪಡಿ ಸೂಚಿಸುವುದು ಬೇಡ.

1865ರಲ್ಲಿ ಯುದ್ಧ ಸೋತರು, ಗುಲಾಮಗಿರಿ ರದ್ದಾಯಿತು. ಬಾವುಟ ಅಲ್ಲಿಗೇ ನಿಂತು ಸ್ಮಶಾನದಲ್ಲಿ, ಮ್ಯೂಸಿಯಮ್ಮಿನಲ್ಲಿ ಉಳಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸತ್ತ ಮುತ್ತಜ್ಜನ ಸಮಾಧಿಗೆ ಹೂವಿಡುವವರನ್ನು ಯಾರೂ ಕೆಣಕಬಾರದು. ಆ ಸೈನ್ಯದಲ್ಲಿ ಒಬ್ಬ ಗುಲಾಮನನ್ನೂ ಹೊಂದಿರದ ಬಡ ರೈತರು ಎಷ್ಟೋ ಮಂದಿ ಇದ್ದರು. 1862ರಲ್ಲಿ ಕಡ್ಡಾಯ ಸೇನಾ ಭರ್ತಿ ತಂದಾಗ ಇಪ್ಪತ್ತು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನನ್ನು ಯುದ್ಧದಿಂದ ವಿನಾಯಿತಿ ಮಾಡಿದರು. ಇದು ಶ್ರೀಮಂತರ ಯುದ್ಧ, ಬಡವರ ಸಾವು ಎಂದು ಬಡವರೇ ಗೊಣಗಿದರು. ಆ ಬಡವರ ಮರಿಮಕ್ಕಳಿಗೆ ದುಃಖಪಡುವ ಹಕ್ಕಿದೆ. ಪಕ್ಷ ಕಟ್ಟಿ ಬಾವುಟ ಹಿಡಿದವರದು ಬೇರೆಯೇ ಲೆಕ್ಕ. 1948ರಲ್ಲಿ ಕರಿಯರ ನಾಗರಿಕ ಹಕ್ಕುಗಳನ್ನು ವಿರೋಧಿಸಿ ಡೆಮಾಕ್ರಟಿಕ್ ಪಕ್ಷದಿಂದ ಹೊರಬಿದ್ದ ಗುಂಪಿನ ಸಭೆಗಳಲ್ಲಿ ಇದು ಹಾರಿತು. ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ನಡೆಸುವುದು ತಪ್ಪೆಂದು ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. 1956ರಲ್ಲಿ ಜಾರ್ಜಿಯಾ ರಾಜ್ಯ ತನ್ನ ಧ್ವಜದೊಳಗೆ ಇದನ್ನು ಸೇರಿಸಿಕೊಂಡಿತು. ದಕ್ಷಿಣ ಕೆರೊಲಿನಾದ ಶಾಸನಸಭೆಯ ಗುಮ್ಮಟದ ಮೇಲೆ ಇದು ಏರಿದ್ದು 1961ರಲ್ಲಿ, ಯುದ್ಧದ ಶತಮಾನೋತ್ಸವದ ಹೆಸರಿನಲ್ಲಿ. ಉತ್ಸವ ಮುಗಿದರೂ ಇಳಿಯಲಿಲ್ಲ. ಮುತ್ತಜ್ಜನ ನೆನಪು ಇವರಿಗೆ ಸರಿಯಾಗಿ ಅದೇ ವರ್ಷಗಳಲ್ಲಿ ಉಕ್ಕಿ ಬಂದದ್ದು ಹೇಗೆ ಎಂದು ಎರಡನೇ ಪತ್ರದವರು ವಿವರಿಸಲಿ.

2015ರ ಜೂನ್ 17ರಂದು ಅದೇ ರಾಜ್ಯದ ಚಾರ್ಲ್ಸ್‌ಟನ್ನಿನಲ್ಲಿ, ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತ ಕುಳಿತಿದ್ದ ಒಂಬತ್ತು ಮಂದಿ ಕರಿಯರನ್ನು ಒಬ್ಬ ಬಿಳಿಯ ಯುವಕ ಗುಂಡಿಕ್ಕಿ ಕೊಂದ. ಈ ಬಾವುಟ ಹಿಡಿದು ತೆಗೆಸಿಕೊಂಡ ಅವನ ಫೋಟೊಗಳು ಆಮೇಲೆ ಹೊರಬಂದವು. ಜುಲೈ 10ರಂದು ಶಾಸನಸಭೆಯ ಆವರಣದಿಂದ ಬಾವುಟ ಇಳಿಯಿತು. 2020ರಲ್ಲಿ ಮಿಸಿಸಿಪ್ಪಿಯೂ ತನ್ನ ರಾಜ್ಯಧ್ವಜದಿಂದ ಅದನ್ನು ತೆಗೆದುಹಾಕಿತು.

ಸವಾನ್ನಾಕ್ಕೆ ನಾನೂ ಹೋಗಿದ್ದೇನೆ. ಅಲ್ಲಿಂದ ಕಾಗದದ ಗಿರಣಿಗಳಿಗೆ ಬೇಕಾಗುವ ಬಿಳಿ ಜೇಡಿಮಣ್ಣು ಹಡಗಿಗೇರುತ್ತದೆ. ಮನೆಗೆ ಫೋನ್ ಮಾಡಲು ಕಾರ್ಡ್ ಬೇಕಿತ್ತು. ಬಂದರಿನ ಒಬ್ಬ ಕರಿಯ ಕಾರ್ಮಿಕ ತನ್ನ ಗಾಡಿಯಲ್ಲಿ ನಮ್ಮನ್ನು ಅಂಗಡಿಯವರೆಗೆ ಕರೆದೊಯ್ದ. ಅಂಗಡಿಯ ಗಾಜಿನ ಬಾಗಿಲಿಗೆ ಈ ಬಾವುಟ ಅಂಟಿಸಿತ್ತು. ನಾವು ಒಳಗೆ ಹೋದೆವು, ಅವನು ಗಾಡಿಯಿಂದ ಇಳಿಯಲಿಲ್ಲ. ನೀವು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ಬಾಗಿಲಿನತ್ತ ಗದ್ದ ಎತ್ತಿ ತೋರಿಸಿದ, ಅಷ್ಟೇ. ಅಂಗಡಿಯವನು ನಮ್ಮೊಡನೆ ಬಹಳ ಸಭ್ಯವಾಗಿಯೇ ನಡೆದುಕೊಂಡ. ಅವನನ್ನು ಕೇಳಿದ್ದರೆ ಅವನೂ ಪೂರ್ವಜರ ಹೆಮ್ಮೆ ಎಂದೇ ಹೇಳುತ್ತಿದ್ದನೇನೋ.

ಇದು ಅಮೆರಿಕದ ಜಗಳ, ನಮಗೇನು ಎಂಬ ಮಾತಿಗೆ ಬರುತ್ತೇನೆ. ಕಾರವಾರದವರು ಈ ಮಾತು ಹೇಳುವಾಗ ನನಗೆ ನಗು ಬರುತ್ತದೆ. ಯುದ್ಧಕ್ಕೆ ಮೊದಲು ಇಂಗ್ಲೆಂಡಿನ ಗಿರಣಿಗಳಿಗೆ ಬಹುಪಾಲು ಹತ್ತಿ ಬರುತ್ತಿದ್ದದ್ದು ಅಮೆರಿಕದ ಆ ಗುಲಾಮರ ತೋಟಗಳಿಂದ. ಒಕ್ಕೂಟದ ಪರ ಕಾದಾಡಿದ ಉತ್ತರದ ರಾಜ್ಯಗಳ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದ ಮೇಲೆ ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಕುಮಟಾ ಬಂದರಿನಿಂದ ಸಾಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಿತ್ತು. ಮಳೆಗಾಲದಲ್ಲೂ ಹಡಗು ನಿಲ್ಲಬಲ್ಲ ಒಳ್ಳೆಯ ಬಂದರು ಬೇಕು, ಅದು ಮುಂಬಯಿಯ ಆಡಳಿತಕ್ಕೆ ಸೇರಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಕಳಚಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವಿತ್ತು. ಸದಾಶಿವಗಡದ ಕೆಳಗೆ, ಕಾಳಿ ನದಿಯ ಬಾಯಲ್ಲಿ ನಮ್ಮ ಊರು ಬಂದರಾಗಿ ಬೆಳೆದದ್ದಕ್ಕೂ ಆ ಯುದ್ಧಕ್ಕೂ ನಂಟಿದೆ. 1865ರಲ್ಲಿ ಅಲ್ಲಿ ಯುದ್ಧ ನಿಂತದ್ದೇ ತಡ, ಇಲ್ಲಿ ಹತ್ತಿಯ ಬೆಲೆ ಕುಸಿದು ಸಾಹುಕಾರರು ಮುಳುಗಿದರು.

ಅಷ್ಟೇ ಅಲ್ಲ, ಕಾನ್ಫೆಡರೇಟರ ಬಾವುಟ ಹೊತ್ತ ಹಡಗೇ ನಮ್ಮ ಅರಬ್ಬಿ ಸಮುದ್ರಕ್ಕೆ ಬಂದಿತ್ತು. ಅಲಬಾಮಾ ಎಂಬ ಆ ಹಡಗಿನ ಕೆಲಸ ಉತ್ತರದವರ ವ್ಯಾಪಾರಿ ಹಡಗುಗಳನ್ನು ಹಿಡಿದು ಸುಡುವುದು. 1864ರ ಜನವರಿಯಲ್ಲಿ ಮಲಬಾರ್ ಕರಾವಳಿಯಾಚೆ ಎಮ್ಮಾ ಜೇನ್ ಎಂಬ ಹಡಗಿಗೆ ಬೆಂಕಿ ಇಟ್ಟು, ಸೆರೆಸಿಕ್ಕವರನ್ನು ಈಗಿನ ಕೇರಳದ ಅಂಜೆಂಗೊದಲ್ಲಿ ಇಳಿಸಿ ಹೋಯಿತು. ವ್ಯಾಪಾರಿ ಹಡಗಿನ ಮನುಷ್ಯನಾದ ನನಗೆ ಇದನ್ನು ಓದಿದಾಗ ಆ ಬಾವುಟದ ಮೇಲೆ ಪ್ರೀತಿ ಉಕ್ಕಲಿಲ್ಲ ಎಂದರೆ ಕ್ಷಮಿಸಬೇಕು.

ಇನ್ನು, ಇಲ್ಲಿ ನೋಯುವವರು ಯಾರಿದ್ದಾರೆ ಎಂಬ ಪ್ರಶ್ನೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿಗಳಿದ್ದಾರೆ ಎಂಬುದನ್ನು ಪತ್ರ ಬರೆದವರು ಮರೆತರೋ, ಮರೆಯಲು ಬಯಸಿದರೋ ತಿಳಿಯದು. ಅವರ ಹಿರಿಯರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅವರ ಪರವಾಗಿ ನಾನು ಕಣ್ಣೀರು ಹಾಕಬೇಕಾಗಿಲ್ಲ, ಅವರಿಗೆ ಬಾಯಿದೆ. ಆದರೆ ಯಲ್ಲಾಪುರದ ಬಸ್ಸಿನಲ್ಲಿ ಒಬ್ಬ ಸಿದ್ದಿ ಕಾಲೇಜು ಹುಡುಗಿಯ ಪಕ್ಕದ ಸೀಟಿನಲ್ಲಿ ಈ ಶರ್ಟ್ ತೊಟ್ಟು ಕುಳಿತು, ಅವಳು ಕೇಳಿದರೆ ಡಿಸೈನ್ ಎಂದು ಉತ್ತರಿಸುವ ಧೈರ್ಯ ಎಷ್ಟು ಜನರಿಗಿದೆ?

ನನ್ನ ತಮ್ಮನ ಮೊಮ್ಮಗನೂ ಈ ಶರ್ಟ್ ಕೊಂಡಿದ್ದಾನೆ. ಇಷ್ಟನ್ನೂ ಕೇಳಿಸಿಕೊಂಡು ಅವನು ಎಸೆದ ಪ್ರಶ್ನೆ ಪತ್ರ ಬರೆದ ಇಬ್ಬರಿಗಿಂತಲೂ ಗಟ್ಟಿ. “ಹಾಗಾದರೆ ನನ್ನ ರೊನಾಲ್ಡೊ ಜೆರ್ಸಿ ಏನಜ್ಜಾ? ಅದೂ ಪೋರ್ಚುಗಲ್ಲಿನದೇ ತಾನೇ?” ಹೌದು. ಅದೇ ಕೆಂಪು–ಹಸಿರು, ಅದೇ ಐದು ಪುಟ್ಟ ನೀಲಿ ಗುರಾಣಿ. ಪೋರ್ಚುಗೀಸರ ಕೈಯಲ್ಲಿದ್ದ, ನಮ್ಮ ದಡದೆದುರಿನ ಅಂಜುದೀವ ದ್ವೀಪದ ಮೇಲೆ ಹಾರುತ್ತಿದ್ದ ಬಾವುಟವೂ ಅದೇ. 1961ರ ನವೆಂಬರಿನಲ್ಲಿ ಆ ದ್ವೀಪದಿಂದ ಹಾರಿದ ಗುಂಡಿಗೆ ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ದ್ವೀಪಕ್ಕೆ ಇಳಿದ ನಮ್ಮ ನೌಕಾಪಡೆಯ ಏಳು ಮಂದಿ ಸತ್ತರು. ಆ ದಿನಗಳಲ್ಲಿ ಬೈತಖೋಲದಲ್ಲಿ ಯಾರಾದರೂ ಕೆಂಪು–ಹಸಿರು ತೊಟ್ಟು ತಿರುಗಿದ್ದರೆ ಹಲ್ಲು ಉಳಿಸಿಕೊಂಡು ಮನೆಗೆ ಹೋಗುತ್ತಿರಲಿಲ್ಲ. ಈಗ ಅದೇ ಕೇರಿಯ ಮಕ್ಕಳು ಅದನ್ನು ತೊಟ್ಟು ಸಮುದ್ರ ದಂಡೆಯಲ್ಲಿ ಚೆಂಡು ಒದೆಯುತ್ತಾರೆ, ಯಾರಿಗೂ ಏನೂ ಅನಿಸುವುದಿಲ್ಲ. ನನಗೂ ಅನಿಸುವುದಿಲ್ಲ.

ಏಕೆಂದರೆ ಆ ಬಾವುಟಕ್ಕೆ ಆಮೇಲೆ ಬೇರೆ ಬದುಕು ಸಿಕ್ಕಿತು. 1974ರಲ್ಲಿ ಪೋರ್ಚುಗಲ್ಲಿನ ಸೈನಿಕರೇ ತಮ್ಮ ಸರ್ವಾಧಿಕಾರವನ್ನು ಉರುಳಿಸಿದರು, ಅದೇ ವರ್ಷದ ಕೊನೆಯಲ್ಲಿ ಗೋವಾ ಭಾರತದ್ದೆಂದು ಆ ದೇಶ ಒಪ್ಪಿ ಸಹಿ ಹಾಕಿತು. ಒಂದು ಕೋಟಿ ಜನರ ದಿನನಿತ್ಯದ ಧ್ವಜ ಅದು, ಶಾಲೆ ಆಸ್ಪತ್ರೆಗಳ ಮೇಲೂ ಹಾರುತ್ತದೆ. ಕಾನ್ಫೆಡರೇಟ್ ಬಾವುಟಕ್ಕೆ ಹಾಗೆ ಆಗಲಿಲ್ಲ. ಅದರ ದೇಶ ಬದುಕಿದ್ದು ನಾಲ್ಕು ವರ್ಷ, ಅದೂ ಯುದ್ಧದಲ್ಲಿ. ಆಮೇಲೆ ರಾಜಕಾರಣಕ್ಕೆ ಅದನ್ನು ಎತ್ತಿದಾಗಲೆಲ್ಲ ಎದುರಿಗೆ ನಿಂತವರು ಸಮಾನತೆ ಕೇಳಿದ ಕರಿಯರೇ. ನೂರು ವರ್ಷ ಬಿಟ್ಟು ಅಲ್ಲಿನ ಕರಿಯರೂ ಬಿಳಿಯರೂ ಸೇರಿ ಅದಕ್ಕೆ ಬೇರೆ ಅರ್ಥ ಕೊಟ್ಟರೆ ಆಗ ನೋಡೋಣ. ಅದನ್ನು ಅವರೇ ಮಾಡಬೇಕು, ಕಾರವಾರದ ಸಂತೆಯಲ್ಲಿ ಅದು ಆಗುವ ಕೆಲಸವಲ್ಲ.

ಹುಡುಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಶರ್ಟ್ ಹರಿದು ಹಾಕು ಎಂದು ನಾನೂ ಹೇಳಲಿಲ್ಲ. ಪೊಲೀಸರು ಮಧ್ಯೆ ಬರಬೇಕು ಎಂದು ಕೇಳುವವನೂ ನಾನಲ್ಲ. ಅಮೆರಿಕದಲ್ಲಿಯೇ ಈ ಶರ್ಟ್ ತೊಟ್ಟವನನ್ನು ಅದಕ್ಕಾಗಿ ಜೈಲಿಗೆ ಹಾಕುವಂತಿಲ್ಲ, ಅದು ಸರಿಯಾಗಿಯೇ ಇದೆ. ಆದರೆ ತೊಡುವ ಹಕ್ಕು ಅವನಿಗಿದ್ದಂತೆ, ಇದು ಏನೆಂದು ಎದುರಿಗೆ ನಿಂತು ಕೇಳುವ ಹಕ್ಕು ನೋಡುವವರಿಗೂ ಇದೆ. ಸಂತೆಯ ವ್ಯಾಪಾರಿಯನ್ನೂ ಕೇಳಿದೆ. “ಕಾಕಾ, ಮಾಲು ಗಂಟಿನಲ್ಲಿ ಬರುತ್ತದೆ, ನಾನು ಆರಿಸುವುದಿಲ್ಲ. ನಿಮಗೆ ಅಷ್ಟು ಬೇಸರವಿದ್ದರೆ ಅಷ್ಟನ್ನೂ ನೀವೇ ಕೊಂಡುಬಿಡಿ, ರೇಟು ನೋಡಿ ಕೊಡುತ್ತೇನೆ” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಓದಿಕೊಂಡಿದ್ದೂ ಪೂರ್ವಜರ ಶೌರ್ಯ ಎಂದು ಪತ್ರ ಬರೆಯುವವರ ಮೇಲೆ.

ತಮ್ಮಲ್ಲಿ ಒಂದು ವಿನಂತಿ. ಎರಡನೇ ಪತ್ರದ ಜೊತೆ ಅಚ್ಚಾದ ಚಿತ್ರದ ಕೆಳಗೆ ‘ಅಮೆರಿಕದ ಹಳೆಯ ರಾಷ್ಟ್ರಧ್ವಜ’ ಎಂದಿತ್ತು. ಅದು ಅಮೆರಿಕದ ರಾಷ್ಟ್ರಧ್ವಜವೂ ಅಲ್ಲ, ಇಡಿಯಾಗಿ ಕಾನ್ಫೆಡರೇಟ್ ಸರ್ಕಾರದ ರಾಷ್ಟ್ರಧ್ವಜವೂ ಅಲ್ಲ. ಅವರ ಮೊದಲ ಧ್ವಜದಲ್ಲಿ ಮೂರು ಅಡ್ಡಪಟ್ಟಿಗಳಿದ್ದವು, 1863ರ ಧ್ವಜದಲ್ಲಿ ಇದು ಒಂದು ಮೂಲೆಯಲ್ಲಷ್ಟೇ ಇತ್ತು. ಕಾನ್ಫೆಡರೇಟರ ಸೇನಾಪತಿ ಜನರಲ್ ಲೀಯ ಸೈನ್ಯ ಯುದ್ಧಭೂಮಿಯಲ್ಲಿ ಹಿಡಿದದ್ದು ಚೌಕಾಕಾರದ್ದು. ಈಗ ಶರ್ಟಿನ ಮೇಲಿರುವ ಉದ್ದನೆಯ ಆಕಾರವನ್ನು ಅವರ ನೌಕಾಪಡೆಯವರೂ ಟೆನೆಸಿಯ ಸೈನ್ಯದವರೂ ಬಳಸಿದ್ದರು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇತಿ,
ನಿವೃತ್ತ ಬೋಸನ್,
ಬೈತಖೋಲ, ಕಾರವಾರ