ಕಂಟ್ರೋಲರ್ ಡಬ್ಬದ ಮೇಲೆ ಕರೆಂಟಿನ ವಿಷಯ ಬರೆಯಲಿ

ಮಾನ್ಯ ಸಂಪಾದಕರೇ,

ನಾನು ರೇಡಿಯೊ, ಟಿವಿ ರಿಪೇರಿ ಮಾಡಿಕೊಂಡು ಬದುಕಿದವನು. ಅಂಗಡಿ ಮುಚ್ಚಿದ್ದೇನೆ, ಆದರೆ ಸೋಲ್ಡರಿಂಗ್ ಕೈಬಿಟ್ಟಿಲ್ಲ. ಈಗ ನೆಂಟರಿಷ್ಟರ ಮಕ್ಕಳು ಗೇಮ್ ಕಂಟ್ರೋಲರ್, ಅಂದರೆ ವಿಡಿಯೊ ಗೇಮ್ ಆಡಲು ಕೈಯಲ್ಲಿ ಹಿಡಿಯುವ ಬಟನ್ ಸಾಧನ, ಹಿಡಿದುಕೊಂಡು ಬರುತ್ತಾರೆ. 'ತಾತ, ಇದು ಕೆಟ್ಟುಹೋಗಿದೆ' ಅನ್ನುತ್ತಾರೆ. ಬಹಳಷ್ಟು ಸಲ ಅದು ಕೆಟ್ಟಿರುವುದೇ ಇಲ್ಲ. ಹಾಕಿದ ಕೇಬಲ್ ಸರಿಯಿರಲ್ಲ, ಇಲ್ಲವೇ ಅದಕ್ಕೆ ಕರೆಂಟ್ ಸಿಗುತ್ತಿರಲ್ಲ. ಮಕ್ಕಳನ್ನು ಬೈದು ಏನು ಪ್ರಯೋಜನ? ಡಬ್ಬದ ಮೇಲೆ ಬರೆಯಬೇಕಾದ್ದನ್ನು ಕಂಪನಿಗಳು ಸರಿಯಾಗಿ ಬರೆಯುವುದಿಲ್ಲ. ನಿಮ್ಮ ತಂತ್ರಜ್ಞಾನ ಪುಟದಲ್ಲೂ ಅದು ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕೇಬಲ್ ವಿಷಯ. ಮಾಮೂಲಿ ಯುಎಸ್‌ಬಿ ಕೇಬಲ್‌ನಲ್ಲಿ ನಾಲ್ಕು ತಂತಿ ಇರುತ್ತವೆ. ಎರಡು ಕರೆಂಟಿಗೆ, ಎರಡು ಡೇಟಾಗೆ. ಅಗ್ಗದ ಸಾಮಾನುಗಳ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಡೇಟಾ ತಂತಿಗಳನ್ನು ಹಾಕಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಅಂಥದ್ದನ್ನು ಚುಚ್ಚಿದರೆ ಲೈಟ್ ಮಿಣುಕುತ್ತದೆ, ಚಾರ್ಜ್ ಕೂಡ ಆಗುತ್ತದೆ. ಆದರೆ ಕಂಟ್ರೋಲರ್ ಬಂದಿದೆ ಅಂತ ಕನ್ಸೋಲ್‌ಗೆ, ಅಂದರೆ ಆಟ ನಡೆಸುವ ಯಂತ್ರಕ್ಕೆ, ಗೊತ್ತೇ ಆಗಲ್ಲ. 2006ರಲ್ಲಿ ಬಂದ ಪ್ಲೇಸ್ಟೇಷನ್ 3 ಅನ್ನುವ ಕನ್ಸೋಲ್‌ನಲ್ಲಿ ಇದರ ಕಾಟ ಜಾಸ್ತಿ. ಅದರ ಕಂಟ್ರೋಲರ್ ಬ್ಲೂಟೂತ್‌ನದು, ನಿಜ. ಆದರೂ ಮೊದಲ ಸಲ ಕೇಬಲ್ ಹಾಕಿ, ನಡುವಿನ ಪಿಎಸ್ ಬಟನ್ ಒತ್ತಲೇಬೇಕು. ಪೇರ್ ಆಗುವುದು, ಅಂದರೆ ಕನ್ಸೋಲೂ ಕಂಟ್ರೋಲರೂ ಒಂದನ್ನೊಂದು ಗುರುತಿಟ್ಟುಕೊಳ್ಳುವುದು, ಆ ಡೇಟಾ ತಂತಿಗಳ ಮೂಲಕವೇ. ಅದೇ ಕಂಟ್ರೋಲರನ್ನು ಗೆಳೆಯನ ಮನೆಗೆ ಒಯ್ದು ಅಲ್ಲಿನ ಕನ್ಸೋಲ್‌ಗೆ ಹೀಗೆ ಜೋಡಿಸಿ ಬಂದರೆ, ವಾಪಸ್ ಬಂದಾಗ ಇಲ್ಲಿ ಮತ್ತೆ ಕೇಬಲ್ ಹಾಕಬೇಕು.

ಎಕ್ಸ್‌ಬಾಕ್ಸ್ 360 ಅನ್ನುವ ಕನ್ಸೋಲ್‌ದು ಇನ್ನೊಂದು ತಮಾಷೆ. ಅದರ ವೈರ್‌ಲೆಸ್ ಕಂಟ್ರೋಲರ್‌ಗೆ 'ಪ್ಲೇ ಅಂಡ್ ಚಾರ್ಜ್' ಅಂತ ಒಂದು ಕೇಬಲ್ ಮಾರುತ್ತಿದ್ದರು. ಅದನ್ನು ಚುಚ್ಚಿಕೊಂಡು ಆಡಿದರೂ ಬಟನ್ ಒತ್ತಿದ ಸಿಗ್ನಲ್ ಗಾಳಿಯಲ್ಲೇ ಹೋಗುತ್ತದೆ, ಕೇಬಲ್‌ನಲ್ಲಿ ಅಲ್ಲ. ಹಾಗಾಗಿ ಆ ಕೇಬಲ್ ನಂಬಿಕೊಂಡು ಕಂಪ್ಯೂಟರ್‌ಗೆ ಹಾಕಿದರೆ ಆಟ ಆಡಲು ಆಗದು. ಅದಕ್ಕೆ ಬೇರೆ ರಿಸೀವರ್ ಬೇಕು, ಇಲ್ಲವೇ ವೈರ್ ಇರುವ ಮಾಡೆಲ್ಲೇ ಬೇಕು. 2013ರ ಎಕ್ಸ್‌ಬಾಕ್ಸ್ ಒನ್ ಬಂದಾಗ ಇದನ್ನು ಸರಿಮಾಡಿದರು. ಡೇಟಾ ಇರುವ ಮೈಕ್ರೊ ಯುಎಸ್‌ಬಿ ಕೇಬಲ್ ಹಾಕಿದರೆ ಸೆಲ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ.

ಕರೆಂಟ್ ಎಲ್ಲಿಂದ ತೆಗೆದುಕೊಳ್ಳಬೇಕು ಅನ್ನುವುದೂ ಒಂದೊಂದರಲ್ಲಿ ಒಂದೊಂದು ಥರ. ಪ್ಲೇಸ್ಟೇಷನ್ 3 ಆಫ್ ಆಗಿದ್ದರೆ ಅದರ ಯುಎಸ್‌ಬಿ ಪೋರ್ಟ್‌ನಲ್ಲಿ ಕರೆಂಟ್ ಇರುವುದಿಲ್ಲ. ಸರಿ, ಮೊಬೈಲ್ ಚಾರ್ಜರ್‌ಗೆ ಹಾಕೋಣ ಅಂದರೆ ಅನೇಕ ಚಾರ್ಜರ್‌ಗಳಿಗೆ ಆ ಕಂಟ್ರೋಲರ್ ಜಗ್ಗುವುದಿಲ್ಲ. ಆ ಕಡೆ ಕನ್ಸೋಲೋ ಕಂಪ್ಯೂಟರೋ ಇದ್ದು ಡೇಟಾ ತಂತಿಯಲ್ಲಿ ಉತ್ತರ ಕೊಟ್ಟರಷ್ಟೇ ಚಾರ್ಜ್ ಆಗುತ್ತದೆ. ಪ್ಲೇಸ್ಟೇಷನ್ 4 ಮತ್ತು 5ರಲ್ಲಿ ರೆಸ್ಟ್ ಮೋಡ್‌ನಲ್ಲೂ, ಅಂದರೆ ಕನ್ಸೋಲ್ ಪೂರ್ತಿ ಆಫ್ ಆಗದೆ ಮಲಗಿರುವಾಗಲೂ, ಚಾರ್ಜ್ ಮಾಡಬಹುದು. ಸೆಟ್ಟಿಂಗ್ಸ್ ಒಳಗೆ ಹೋಗಿ ಯುಎಸ್‌ಬಿ ಪೋರ್ಟ್‌ಗೆ ಕರೆಂಟ್ ಕೊಡುವ ಆಯ್ಕೆ ಆನ್ ಇದೆಯಾ ನೋಡಬೇಕು. ಎಷ್ಟು ಜನ ನೋಡಿರುತ್ತಾರೆ ಹೇಳಿ? ನಿಂಟೆಂಡೊ ಸ್ವಿಚ್‌ನ ಜಾಯ್-ಕಾನ್ ಅನ್ನುವ ಪುಟ್ಟ ಕಂಟ್ರೋಲರ್‌ಗಳಿಗಂತೂ ಚಾರ್ಜಿಂಗ್ ಪಿನ್ನೇ ಇಲ್ಲ. ಕನ್ಸೋಲ್‌ನ ಅಕ್ಕಪಕ್ಕ ಸಿಕ್ಕಿಸಿದರೇ ಚಾರ್ಜ್. ಡಬ್ಬದ ಜೊತೆಗೇ ಒಂದು ಹಿಡಿಕೆ ಕೊಡುತ್ತಾರೆ, ಅದಕ್ಕೆ ಸಿಕ್ಕಿಸಿಟ್ಟರೆ ಚಾರ್ಜ್ ಆಗಲ್ಲ. ಚಾರ್ಜ್ ಆಗುವ ಹಿಡಿಕೆಗೆ ಬೇರೆ ದುಡ್ಡು.

ಈಗ ಸೆಲ್ ವಿಷಯ. ಇಲ್ಲಿ ನನ್ನ ಅಭಿಪ್ರಾಯಕ್ಕೆ ಮಕ್ಕಳು ನಗುತ್ತಾರೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ 2020ರ ಮಾಡೆಲ್‌ನಲ್ಲೂ ಎರಡು ಡಬಲ್ ಎ ಸೆಲ್ ಮೇಲೆ ಓಡುತ್ತದೆ. 'ಇನ್ನೂ ಸೆಲ್ಲಾ?' ಅಂತ ಅದನ್ನು ಹೀಗಳೆಯುವವರೇ ಜಾಸ್ತಿ. ನಾನು ಅದನ್ನೇ ಮೆಚ್ಚುತ್ತೇನೆ. ಒಳಗೆ ಕೂರಿಸಿದ ಲಿಥಿಯಂ ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ, ಸುಮ್ನೆ ಇಟ್ಟರೂ ಸೊರಗುತ್ತದೆ. ಜಾಯ್-ಕಾನ್ ಬಳಸದೆ ಇಟ್ಟರೂ ಆರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಅಂತ ನಿಂಟೆಂಡೊ ಕಂಪನಿಯೇ ಹೇಳುತ್ತದೆ. ಬ್ಯಾಟರಿ ಬದಲಿಸಲು ಸ್ಕ್ರೂ ಬಿಚ್ಚಿ, ಕೊಂಡಿ ಎಬ್ಬಿಸಿ, ತೆಳ್ಳನೆಯ ಪಟ್ಟಿ ಹರಿಯದ ಹಾಗೆ ಕೈ ಹಾಕಬೇಕು. ಸೆಲ್ ಆದರೆ ಮುಚ್ಚಳ ತೆಗೆದು ಹಾಕಿದರಾಯಿತು.

ಬಿಸಾಡುವ ಸೆಲ್ ಬೇಡ, ರೀಚಾರ್ಜ್ ಆಗುವ ನಿಕಲ್ ಸೆಲ್ ಸಾಕು. ಅದು 1.2 ವೋಲ್ಟ್, ಮಾಮೂಲಿ ಆಲ್ಕಲೈನ್ ಸೆಲ್ 1.5 ವೋಲ್ಟ್. ಆಲ್ಕಲೈನ್‌ನ ವೋಲ್ಟೇಜ್ ನಿಧಾನವಾಗಿ ಇಳಿಯುತ್ತದೆ. ನಿಕಲ್ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತು ಆಮೇಲೆ ದಿಢೀರ್ ಅಂತ ಬೀಳುತ್ತದೆ. ಹಾಗಾಗಿ ಪರದೆಯ ಮೇಲೆ ಅರ್ಧ ಬ್ಯಾಟರಿ ತೋರಿಸುತ್ತಿರುವಾಗಲೇ ಆಟ ನಿಂತುಹೋದರೆ ಕಂಟ್ರೋಲರನ್ನು ದೂರಬೇಡಿ. ಅಂದಹಾಗೆ, 2002ರಲ್ಲಿ ನಿಂಟೆಂಡೊ ತಂದ ವೇವ್‌ಬರ್ಡ್ ಅನ್ನುವ ವೈರ್‌ಲೆಸ್ ಕಂಟ್ರೋಲರ್‌ನಲ್ಲಿ ನಡುಗುವ ಮೋಟರೇ ಇರಲಿಲ್ಲ. ಎರಡು ಸೆಲ್‌ಗಳ ಮೇಲೆ ಓಡಬೇಕಿತ್ತಲ್ಲ, ಮೋಟರ್ ಇಟ್ಟರೆ ಅವು ಎಷ್ಟು ಹೊತ್ತು ಬಂದಾವು!

ರೇಡಿಯೊದವನಾಗಿ ಇನ್ನೊಂದು ಮಾತು ಹೇಳದೆ ಇರಲಾರೆ. ಈಗಿನ ವೈರ್‌ಲೆಸ್ ಕಂಟ್ರೋಲರ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ವೈಫೈ ಕೂಡ ಅಲ್ಲೇ. ಯುಎಸ್‌ಬಿ 3 ಪೋರ್ಟ್‌ನಲ್ಲಿ ಹಾರ್ಡ್ ಡಿಸ್ಕ್ ಓಡುತ್ತಿದ್ದರೆ ಅದೂ ಆ ಬ್ಯಾಂಡ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಪಕ್ಕದಲ್ಲೇ ಕಂಟ್ರೋಲರ್‌ನ ಸಿಗ್ನಲ್ ಹಿಡಿಯುವ ಪುಟ್ಟ ಡಾಂಗಲ್ ಚುಚ್ಚಿದ್ದರೆ ಬಟನ್ ಒತ್ತಿದ್ದು ತಡವಾಗಿ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರಕ್ಕೆ ತಂದರೆ ಆಯ್ತು. ಇದಕ್ಕಾಗಿ ಹೊಸ ಕಂಟ್ರೋಲರ್ ಕೊಂಡವರನ್ನು ನೋಡಿದ್ದೇನೆ.

ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಮೊಬೈಲ್, ಹೆಡ್‌ಫೋನ್, ಕೀಬೋರ್ಡ್, ಮೌಸ್, ಕೈಯಲ್ಲಿ ಹಿಡಿಯುವ ಗೇಮ್ ಕನ್ಸೋಲ್ ಇವಕ್ಕೆಲ್ಲ ಟೈಪ್-ಸಿ ಪಿನ್ ಕಡ್ಡಾಯವಾಗಿದೆ. ಡಬ್ಬದಲ್ಲಿ ಚಾರ್ಜರ್ ಇದೆಯೋ ಇಲ್ಲವೋ, ಎಷ್ಟು ವ್ಯಾಟ್ ಬೇಕು ಅನ್ನುವ ಚಿತ್ರವನ್ನೂ ಮೇಲೆಯೇ ಮುದ್ರಿಸಬೇಕು. ಬಳಸುವವರೇ ಬ್ಯಾಟರಿ ಬದಲಿಸುವ ಹಾಗಿರಬೇಕು ಅನ್ನುವ ನಿಯಮ 2027ರ ಫೆಬ್ರವರಿಯಲ್ಲಿ ಬರಲಿದೆ. ಆದರೆ ಟೈಪ್-ಸಿ ಪಟ್ಟಿಯಲ್ಲಿ ಕೀಬೋರ್ಡ್, ಮೌಸ್ ಹೆಸರಿದೆ, ಗೇಮ್ ಕಂಟ್ರೋಲರ್ ಹೆಸರಿಲ್ಲ. ಮೌಸ್‌ಗೆ ಬೇಕಾದ ಚಿತ್ರ ಕಂಟ್ರೋಲರ್‌ಗೆ ಬೇಡ್ವಾ?

ನಾನು ಕೇಳುವುದು ದೊಡ್ಡದೇನಲ್ಲ. ಸೆಲ್ಲೋ ಒಳಗಿನ ಬ್ಯಾಟರಿಯೋ, ಕೇಬಲ್ ಹಾಕಿದಾಗ ಬರೀ ಚಾರ್ಜೋ ಇಲ್ಲ ಆಟವೂ ನಡೆಯುತ್ತದೋ, ಮೊದಲ ಸಲ ಹೇಗೆ ಪೇರ್ ಮಾಡಬೇಕು ಅನ್ನುವುದು ಡಬ್ಬದ ಹೊರಗೆ ಕಾಣಲಿ. ಅಷ್ಟು ಬರುವ ತನಕ ನಿಮ್ಮ ಪುಟದಲ್ಲಿ ಕಂಟ್ರೋಲರ್ ಬಗ್ಗೆ ಬರೆದಾಗಲೆಲ್ಲ ಈ ಮೂರು ಸಾಲು ಸೇರಿಸಿ. ಓದುಗರು ಮನೆಯಲ್ಲಿರುವ ಕೇಬಲನ್ನು ಪರೀಕ್ಷಿಸಲು ದಾರಿಯಿದೆ: ಆ ಕೇಬಲ್‌ನಲ್ಲಿ ಮೊಬೈಲನ್ನು ಕಂಪ್ಯೂಟರ್‌ಗೆ ಜೋಡಿಸಿ, ಮೊಬೈಲ್‌ನಲ್ಲಿ ಫೈಲ್ ಕಳಿಸುವ ಆಯ್ಕೆ ಒತ್ತಿ. ಫೋಟೊಗಳು ಕಂಪ್ಯೂಟರ್‌ನಲ್ಲಿ ಕಂಡರೆ ಡೇಟಾ ತಂತಿ ಇದೆ ಅಂತ ಲೆಕ್ಕ. ಆ ಕೇಬಲ್‌ಗೆ ಒಂದು ಚೀಟಿ ಅಂಟಿಸಿ ಬೇರೆಯಾಗಿ ಎತ್ತಿಡಿ.

ಇಂತಿ,
ಒಬ್ಬ ಹಳೆಯ ರೇಡಿಯೊ ಮೆಕ್ಯಾನಿಕ್